ಮೂರು ವಾಚು, ನಾಲ್ಕು ಬೆಲ್ಟು

ಅಕ್ಕನ ಮಗನಿಗೆ ಮೊನ್ನೆ ಮೊದಲ ಸಂಬಳ ಬಂತು. ಅವತ್ತು ಸಂಜೆಯೇ ಫೋನ್ ಮಾಡಿದ. "ಮಾವ, ಒಂದು ಒಳ್ಳೇ ವಾಚ್ ಹೇಳಿ" ಅಂದ. ಯಾವುದಕ್ಕೋ ಅಂತ ಕೇಳಿದರೆ "ಎಲ್ಲದಕ್ಕೂ" ಅಂದ. ಆಫೀಸಿಗೂ ಅದೇ, ಮದುವೆ ಮನೆಗೂ ಅದೇ, ಬೈಕ್ ಹತ್ತಿ ಚಿಕ್ಕಮಗಳೂರಿಗೆ ಹೋದಾಗಲೂ ಅದೇ, ಜಿಮ್ಮಿಗೂ ಅದೇ. ಅಂಥ ವಾಚ್ ಇಲ್ಲಪ್ಪ ಅಂದೆ. ಆದರೆ ಮೂರು ವಾಚಿನಲ್ಲಿ ಇದೆಲ್ಲ ಮುಗಿಯುತ್ತದೆ, ಮೂರನ್ನೂ ಒಂದೇ ಸಲ ತಗೋಬೇಕು ಅಂತಲೂ ಇಲ್ಲ. ಸ್ಟಾಫ್ ರೂಮಿನಲ್ಲೂ ಇದೇ ಪ್ರಶ್ನೆ ಆಗಾಗ ಬರುವುದರಿಂದ ಎಲ್ಲ ಒಂದು ಕಡೆ ಬರೆದಿಟ್ಟರೆ ಒಳ್ಳೇದು ಅನ್ನಿಸಿತು.

ನಾನಿರುವುದು ತುಮಕೂರಿನಲ್ಲಿ, ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪರೀಕ್ಷೆ ದಿನ ಮೊಬೈಲ್ ಹೊರಗಿಟ್ಟು ಮೂರು ಗಂಟೆ ಕೊಠಡಿಯಲ್ಲಿ ಓಡಾಡುವವನಿಗೆ ಕೈಯಲ್ಲಿ ಒಂದು ವಾಚ್ ಬೇಕೇ ಬೇಕು. "ಮೊಬೈಲ್ ಇರುವಾಗ ವಾಚ್ ಯಾಕೆ ಸಾರ್" ಅನ್ನುವವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ. ಬೇಡ ಅನ್ನಿಸಿದರೆ ಬೇಡ, ದುಡ್ಡು ಉಳಿಯಿತು.

ಬೇಕು ಅನ್ನುವವರು ಸಾಮಾನ್ಯವಾಗಿ ಕಂಪನಿ ಹೆಸರಿನಿಂದ ಶುರು ಮಾಡುತ್ತಾರೆ. ಟೈಟಾನ್ ಒಳ್ಳೇದಾ, ಸೀಕೊ ಒಳ್ಳೇದಾ, ಕ್ಯಾಸಿಯೊ ಸಾಕಾ ಅಂತ. ನೀವು ನಿಮ್ಮ ವಾರದಿಂದ ಶುರು ಮಾಡಿ. ಸೋಮವಾರದಿಂದ ಭಾನುವಾರದವರೆಗೆ ಕೈ ಎಲ್ಲೆಲ್ಲಿ ಹೋಗುತ್ತದೆ? ಫುಲ್ ತೋಳಿನ ಶರ್ಟ್ ಎಷ್ಟು ದಿನ? ಸೀಮೆಸುಣ್ಣ, ಗ್ರೀಸು, ಸೋಪಿನ ನೀರು ಎಷ್ಟು ದಿನ? ಮಳೆಯಲ್ಲಿ ನೆನೆಯುವ ಕೆಲಸವಾ, ಏಸಿ ರೂಮಿನಲ್ಲಿ ಕೂರುವ ಕೆಲಸವಾ? ಇದಕ್ಕೆ ಉತ್ತರ ಸಿಕ್ಕಿದ ಮೇಲೆ ಕಂಪನಿ ತಾನಾಗಿ ಸಿಗುತ್ತದೆ. ವಾರದಲ್ಲಿ ಒಂದು ದಿನವೂ ಸೂಟ್ ಹಾಕದವನು ಸೂಟಿಗೆ ಅಂತ ಒಂದು ವಾಚ್ ತಗೊಂಡರೆ ಅದು ಬೀರುವಿನಲ್ಲೇ ಮುದುಕಾಗುತ್ತದೆ.

ಇನ್ನೊಂದು ಕೆಲಸ, ಅಂಗಡಿಗೆ ಹೋಗುವ ಮೊದಲೇ ಮುಗಿಸಬೇಕಾದದ್ದು. ಒಂದು ದಾರ ತಗೊಂಡು ಮಣಿಕಟ್ಟಿಗೆ ಸುತ್ತಿ ಸ್ಕೇಲ್ ಮೇಲೆ ಇಟ್ಟು ನೋಡಿ. ಆರೂವರೆ ಇಂಚಿನ ಆಸುಪಾಸು ಬಂದರೆ 36ರಿಂದ 40 ಮಿಲಿಮೀಟರ್ ಅಗಲದ ವಾಚ್ ಚೆನ್ನಾಗಿ ಕೂರುತ್ತದೆ. ಅಗಲಕ್ಕಿಂತ ಮುಖ್ಯವಾದ ಅಳತೆ ಉದ್ದದ್ದು, ಅಂದರೆ ಬೆಲ್ಟ್ ಸಿಕ್ಕಿಸುವ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ. ಆ ತುದಿಗಳು ಮಣಿಕಟ್ಟಿನ ಸಪಾಟಾದ ಭಾಗ ದಾಟಿ ಆಚೆ ಚಾಚಿದರೆ ವಾಚ್ ಎಷ್ಟೇ ಚೆನ್ನಾಗಿದ್ದರೂ ಅಣ್ಣನ ವಾಚ್ ತಮ್ಮ ಕಟ್ಟಿಕೊಂಡ ಹಾಗೆ ಕಾಣುತ್ತದೆ. ಆನ್‌ಲೈನ್ ಫೋಟೋದಲ್ಲಿ ಇದು ಗೊತ್ತೇ ಆಗುವುದಿಲ್ಲ. ಅದಕ್ಕೇ ಮೊದಲನೇ ವಾಚನ್ನಾದರೂ ಅಂಗಡಿಯಲ್ಲಿ ಕೈಗೆ ಹಾಕಿ ನೋಡಿ ತಗೊಳ್ಳಿ. ಕನ್ನಡಿ ಮುಂದೆ ನಿಂತು ಕೈ ಕೆಳಗೆ ಬಿಟ್ಟು ನೋಡಿ. ಕಣ್ಣಿನ ಹತ್ತಿರ ಹಿಡಿದರೆ ಎಲ್ಲ ವಾಚೂ ದೊಡ್ಡದಾಗಿಯೇ ಕಾಣುತ್ತದೆ.

ಮೂರರಲ್ಲಿ ಮೊದಲನೆಯದು ಒರಟು ವಾಚ್. ಬೀಳಿಸಿದರೂ, ನೆನೆದರೂ, ಕಳೆದುಹೋದರೂ ಹೊಟ್ಟೆ ಉರಿಯಬಾರದು. ಇದಕ್ಕೆ ನನ್ನ ಉತ್ತರ ಕಣ್ಣು ಮುಚ್ಚಿಕೊಂಡು ಕ್ಯಾಸಿಯೊ. ಎಫ್-91ಡಬ್ಲ್ಯೂ ಅನ್ನುವ ಪುಟ್ಟ ಕಪ್ಪು ಡಿಜಿಟಲ್ ವಾಚ್ ನೀವೆಲ್ಲ ನೋಡಿಯೇ ಇರುತ್ತೀರಿ. 1989ರಲ್ಲಿ ಬಂದದ್ದು, ಇವತ್ತಿಗೂ ಹೆಚ್ಚು ಕಡಿಮೆ ಅದೇ ರೂಪದಲ್ಲಿ ಮಾರಾಟವಾಗುತ್ತಿದೆ. ತೂಕ 21 ಗ್ರಾಂ. ಒಂದು ಸೆಲ್ ಏಳು ವರ್ಷ ಬರುತ್ತದೆ ಅಂತ ಕಂಪನಿಯೇ ಹೇಳುತ್ತದೆ, ತಿಂಗಳಿಗೆ ಅರ್ಧ ನಿಮಿಷ ಆಚೀಚೆ ಆದರೆ ಆಯಿತು. ಎರಡು ಸಾವಿರದೊಳಗೆ ಇಷ್ಟು ನಂಬಿಕೆಯ ಸಾಮಾನು ಬೇರೆ ಯಾವುದಿದೆ ಹೇಳಿ? ರಾತ್ರಿ ದೀಪ ಮಾತ್ರ ದಂಡ. ಒಂದು ಮೂಲೆಯಲ್ಲಿ ಹಸಿರಾಗಿ ಮಿಣುಕುತ್ತದೆ, ನಿಮಿಷ ಓದಬೇಕಾದರೆ ಕಣ್ಣು ಕಿರಿದು ಮಾಡಬೇಕು.

ಇದರ ನಕಲಿಯೂ ಬೇಕಾದಷ್ಟು ಬಂದಿದೆ. ಬಲಗಡೆ ಇರುವ ಒಂದೇ ಒಂದು ಗುಂಡಿಯನ್ನು ಮೂರು ಸೆಕೆಂಡ್ ಒತ್ತಿ ಹಿಡಿದರೆ ಅಸಲಿ ವಾಚಿನ ಪರದೆಯ ಮೇಲೆ ಕಂಪನಿ ಹೆಸರು ಮೂಡುತ್ತದೆ. ಅಂಗಡಿಯಲ್ಲೇ ಒತ್ತಿ ನೋಡಬಹುದು, ಯಾರೂ ಬೇಡ ಅನ್ನುವುದಿಲ್ಲ. ಈಗೀಗ ಕೆಲವು ನಕಲಿಗಳೂ ಈ ಆಟ ಕಲಿತಿವೆ, ಹಾಗಾಗಿ ಹೆಸರು ಬರದಿದ್ದರೆ ಖಂಡಿತ ನಕಲಿ, ಬಂದರೆ ಅಸಲಿ ಇರಬಹುದು ಅಂತಷ್ಟೇ ತಿಳ್ಕೊಳ್ಳಿ.

ಇದೇ ವಾಚಿಗೆ ಒಂದು ಮಿತಿ ಇದೆ. ಮುಖದ ಮೇಲೆ ನೀರು ತಡೆಯುತ್ತದೆ ಅಂತ ಬರೆದಿದೆಯೇ ಹೊರತು ಎಷ್ಟು ಮೀಟರ್ ಅಂತ ಬರೆದಿಲ್ಲ. ಕೈ ತೊಳೆದರೆ, ಮಳೆ ಹನಿದರೆ ಏನೂ ಆಗದು. ಕೆರೆಗೆ, ಈಜುಕೊಳಕ್ಕೆ ಇಳಿಯಬಾರದು. ಈ ಮೀಟರ್ ಲೆಕ್ಕದಲ್ಲಿ ತುಂಬ ಜನ ಮೋಸ ಹೋಗುತ್ತಾರೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. 30 ಮೀಟರ್ ಅಂತ ಹಿಂದೆ ಕೆತ್ತಿದ್ದರೆ 30 ಮೀಟರ್ ಆಳಕ್ಕೆ ಹೋಗಬಹುದು ಅಂತಲ್ಲ. ಅದು ಅಲುಗಾಡದ ನೀರಿನ ಒತ್ತಡದ ಲೆಕ್ಕ. ಕೈ ಬೀಸಿ ಈಜುವಾಗ, ನಲ್ಲಿಯ ರಭಸದ ಕೆಳಗೆ ಹಿಡಿದಾಗ ಲೆಕ್ಕ ಬೇರೆಯಾಗುತ್ತದೆ. ರೂಢಿಯ ಮಾತು ಹೇಳಬೇಕೆಂದರೆ 30 ಅಂದರೆ ಕೈ ತೊಳೆಯಲು, 50 ಅಂದರೆ ಮಳೆಗೆ ಮತ್ತು ಅಪರೂಪಕ್ಕೊಮ್ಮೆ ಈಜಿಗೆ, 100 ಅಂದರೆ ನಿಶ್ಚಿಂತೆಯಾಗಿ ಈಜಲು. ಬಿಸಿನೀರಿನ ಸ್ನಾನಕ್ಕೆ ಮಾತ್ರ ಯಾವುದನ್ನೂ ಹಾಕಿಕೊಂಡು ಹೋಗಬೇಡಿ. ಬಿಸಿಗೂ ಸೋಪಿಗೂ ಒಳಗಿನ ರಬ್ಬರ್ ರಿಂಗು ಬೇಗ ಸಾಯುತ್ತದೆ.

ಮಲೆನಾಡಿನ ಮಳೆ, ಕರಾವಳಿಯ ಕಡಲು, ತೋಟದ ಕೆಲಸ ಇರುವವರು ಅದಕ್ಕೇ ಒಂದು ಮೆಟ್ಟಿಲು ಮೇಲೆ ಹೋಗಿ ಕ್ಯಾಸಿಯೊದ್ದೇ ಎಇ-1200 ತಗೊಳ್ಳಬಹುದು. 100 ಮೀಟರ್, ಹತ್ತು ವರ್ಷದ ಸೆಲ್, ಮುಖದ ಮೇಲೆ ಒಂದು ಚಿಕ್ಕ ಪ್ರಪಂಚದ ನಕ್ಷೆ. ಮಗಳೋ ಮಗನೋ ಅಮೆರಿಕದಲ್ಲಿ ಇರುವ ಮನೆಗಳಲ್ಲಿ ಅದು ಸುಮ್ನೆ ಅಲಂಕಾರಕ್ಕೆ ಅಲ್ಲ, ಅಲ್ಲೀಗ ಗಂಟೆ ಎಷ್ಟು ಅಂತ ಅಜ್ಜಿಗೂ ತೋರಿಸಬಹುದು. ಇನ್ನೂ ಒರಟು ಬೇಕಾದರೆ ಜಿ-ಶಾಕ್ ಇದ್ದೇ ಇದೆ. 1983ರಲ್ಲಿ ಕಿಕುವೊ ಇಬೆ ಅನ್ನುವ ಕ್ಯಾಸಿಯೊ ಎಂಜಿನಿಯರ್ ತಂದದ್ದು. ಹತ್ತು ಮೀಟರ್ ಎತ್ತರದಿಂದ ಬಿದ್ದರೂ ಉಳಿಯಬೇಕು, ಹತ್ತು ಬಾರ್ ನೀರಿನ ಒತ್ತಡ ತಡೆಯಬೇಕು, ಸೆಲ್ ಹತ್ತು ವರ್ಷ ಬರಬೇಕು ಅಂತ ಗುರಿ ಇಟ್ಟುಕೊಂಡು ಮಾಡಿದ್ದು. ಚೌಕದ 5600 ಸರಣಿಯದು ತಗೊಂಡರೆ ಸಣ್ಣ ಕೈಗೂ ಒಪ್ಪುತ್ತದೆ. ದುಂಡನೆಯ ದೊಡ್ಡವು ಶರ್ಟಿನ ತೋಳಿನೊಳಗೆ ಹೋಗುವುದೇ ಇಲ್ಲ.

ಎರಡನೆಯದು ಮರ್ಯಾದೆಯ ವಾಚ್. ಆಫೀಸು, ಮದುವೆ, ಇಂಟರ್‌ವ್ಯೂ. ಮೂರು ಮುಳ್ಳು, ಬೇಕಾದರೆ ತಾರೀಕು, ಅಷ್ಟೇ. ಮುಖದ ಮೇಲೆ ಇನ್ನೂ ಮೂರು ಪುಟ್ಟ ಮುಖ ಇರುವ ಕ್ರೋನೋಗ್ರಾಫ್, ಅಂದರೆ ಸ್ಟಾಪ್‌ವಾಚ್ ಸೇರಿಸಿದ ವಾಚ್, ನೋಡಿ ಮರುಳಾಗಬೇಡಿ. ಅಗ್ಗದ ವಾಚುಗಳಲ್ಲಿ ಆ ಪುಟ್ಟ ಮುಖಗಳು ಕೆಲವು ಸಲ ಬರೀ ಚಿತ್ರ, ಮುಳ್ಳು ಅಲ್ಲಾಡುವುದೂ ಇಲ್ಲ. ಬಿಳಿ, ಕೆನೆ ಅಥವಾ ಗಾಢ ನೀಲಿ ಮುಖ ಯಾವ ಬಟ್ಟೆಗೂ ಆಗುತ್ತದೆ. ಅಂಚು ಚಿನ್ನದ ಬಣ್ಣದ್ದು ಬೇಕಾ ಬೇಡವಾ ಅನ್ನುವುದು ನಿಮ್ಮಿಷ್ಟ. ನನ್ನ ಕಣ್ಣಿಗೆ ರೇಷ್ಮೆ ಪಂಚೆಯ ಜೊತೆ ಚಿನ್ನದ ಬಣ್ಣವೇ ಚೆಂದ. ಆದರೆ ಅಗ್ಗದ ಚಿನ್ನದ ಲೇಪ ನಮ್ಮ ಬೆವರಿಗೆ ಬೇಗ ಬಿಟ್ಟುಕೊಳ್ಳುತ್ತದೆ. ಒಂದೇ ವಾಚ್ ತಗೊಳ್ಳುವವರಿಗೆ ಸ್ಟೀಲೇ ಸರಿ.

ಇದು ಸೆಲ್ ವಾಚ್ ಆಗಿರಲಿ. ವಾಚ್ ಹುಚ್ಚು ಹತ್ತಿದವರು ಸೆಲ್ ವಾಚ್ ಅಂದರೆ ಮೂಗು ಮುರಿಯುತ್ತಾರೆ, ನನಗೆ ಅದು ಅರ್ಥವಾಗುವುದಿಲ್ಲ. ಒಳಗೊಂದು ಕೂದಲೆಳೆಯಂಥ ಸ್ಫಟಿಕದ ಕವಲು ಸೆಕೆಂಡಿಗೆ 32,768 ಸಲ ನಡುಗುತ್ತದೆ. ಆ ಸಂಖ್ಯೆ ಎಲ್ಲಿಂದ ಬಂತು ಅಂದರೆ, ಅದನ್ನು ಅರ್ಧ, ಅದರ ಅರ್ಧ ಅಂತ ಹದಿನೈದು ಸಲ ಮಾಡಿದರೆ ಸರಿಯಾಗಿ ಒಂದು ಬರುತ್ತದೆ. ಆ ಒಂದಕ್ಕೆ ಸೆಕೆಂಡ್ ಮುಳ್ಳು ಒಂದು ಹೆಜ್ಜೆ ಇಡುತ್ತದೆ. ಕ್ಲಾಸಿನಲ್ಲಿ ಘಾತ ಸಂಖ್ಯೆ ಹೇಳಿಕೊಡುವಾಗ ನಾನು ಇದನ್ನೇ ಉದಾಹರಣೆ ಕೊಡುವುದು, ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ. 1969ರ ಡಿಸೆಂಬರಿನಲ್ಲಿ ಸೀಕೊ ಮೊದಲ ಕ್ವಾರ್ಟ್ಜ್, ಅಂದರೆ ಈ ಸ್ಫಟಿಕದ, ಕೈಗಡಿಯಾರ ಮಾರಾಟಕ್ಕೆ ಬಿಟ್ಟಾಗ ಅದು ಭಾರಿ ದುಬಾರಿ ಸಾಮಾನು. ಇವತ್ತು ಅದೇ ವಿದ್ಯೆ ನೂರಿನ್ನೂರು ರೂಪಾಯಿಯ ವಾಚಿನಲ್ಲೂ ಇದೆ.

ನಮ್ಮಲ್ಲಿ ಕ್ವಾರ್ಟ್ಜ್ ಅಂದರೆ ಮೊದಲು ನೆನಪಾಗುವುದು ಟೈಟಾನ್. 1984ರಲ್ಲಿ ಟಾಟಾದವರೂ ತಮಿಳುನಾಡು ಸರ್ಕಾರದ ಕೈಗಾರಿಕಾ ನಿಗಮವೂ ಸೇರಿ ಕಟ್ಟಿದ ಕಂಪನಿ, ಕಾರ್ಖಾನೆ ಅತ್ತಿಬೆಲೆ ದಾಟಿದರೆ ಸಿಗುವ ಹೊಸೂರಿನಲ್ಲಿ. ಕೀ ವಾಚಿನ ದೇಶದಲ್ಲಿ ಕ್ವಾರ್ಟ್ಜ್ ನೆಚ್ಚಿಕೊಂಡು ಶುರು ಮಾಡಿದ ಧೈರ್ಯ ಅವರದು. ತೆಳ್ಳಗಿನದು ಇಷ್ಟಪಡುವವರು ಅವರ ಎಡ್ಜ್ ಸರಣಿ ಒಮ್ಮೆ ಕೈಗೆ ಹಾಕಿ ನೋಡಲೇಬೇಕು. 2002ರಲ್ಲಿ ಬಂದಾಗ ಇಡೀ ವಾಚಿನ ದಪ್ಪ 3.5 ಮಿಲಿಮೀಟರ್, ಒಳಗಿನ ಮಷೀನು 1.15. ತೋಳಿನ ಗುಂಡಿ ಹಾಕಿದರೆ ಕೈಯಲ್ಲಿ ವಾಚ್ ಇದೆ ಅನ್ನುವುದೇ ಮರೆತುಹೋಗುತ್ತದೆ. ಮೊದಲ ವಾಚಿಗೆ ಎಡ್ಜೇ ಬೇಕು ಅಂತಿಲ್ಲ. ಟೈಟಾನಿನ ಸಾದಾ ಮಾದರಿ, ಅದರದೇ ಸೊನಾಟಾ, ಕ್ಯಾಸಿಯೊದ ಮುಳ್ಳಿನ ವಾಚುಗಳು, ಟೈಮೆಕ್ಸ್, ಎಲ್ಲದರಲ್ಲೂ ಐದು ಸಾವಿರದೊಳಗೆ ನಾಲ್ಕು ಜನರ ಮುಂದೆ ಕೈ ಚಾಚಬಹುದಾದ ವಾಚುಗಳಿವೆ.

ಸೆಲ್ ಬದಲಿಸುವ ತಲೆನೋವೇ ಬೇಡ ಅನ್ನುವವರಿಗೆ ಸಿಟಿಜನ್ ಕಂಪನಿಯ ಇಕೋ-ಡ್ರೈವ್. ಮುಖದ ಮೇಲೆ ಬೀಳುವ ಬೆಳಕಿನಿಂದಲೇ ಚಾರ್ಜ್ ಆಗುತ್ತದೆ, ಟ್ಯೂಬ್‌ಲೈಟ್ ಆದರೂ ಸರಿ. ಪೂರ್ತಿ ತುಂಬಿದರೆ ಸಾಮಾನ್ಯ ಮಾದರಿಗಳು ಕತ್ತಲಲ್ಲೇ ಆರು ತಿಂಗಳು ನಡೆಯುತ್ತವೆ. ಬೆಲೆ ಜಾಸ್ತಿ. ಆದರೆ ನನ್ನನ್ನು ಯಾರಾದರೂ "ಒಂದೇ ಒಂದು ಹೇಳಿ ಸಾರ್, ಮೂರೆಲ್ಲ ಆಗಲ್ಲ" ಅಂದರೆ ಸ್ಟೀಲಿನ, 100 ಮೀಟರಿನ, ಸರಳ ಮುಖದ ಇಕೋ-ಡ್ರೈವ್ ಅಂತ ಹೇಳಿ ಕೈ ತೊಳೆದುಕೊಳ್ಳುತ್ತೇನೆ.

ಸೆಲ್ ವಾಚಿನ ಬಗ್ಗೆ ಒಂದೇ ಒಂದು ಎಚ್ಚರ. ನಿಂತ ವಾಚನ್ನು ಹಾಗೇ ಡ್ರಾಯರಿನಲ್ಲಿ ಬಿಡಬೇಡಿ. ಸತ್ತ ಸೆಲ್ ಸೋರಿ ಒಳಗಿನ ತಾಮ್ರವನ್ನೆಲ್ಲ ತಿಂದುಹಾಕುತ್ತದೆ, ಹಸಿರು ಪುಡಿ ಕಟ್ಟುತ್ತದೆ, ಆಮೇಲೆ ಮಷೀನೇ ಬದಲಿಸಬೇಕು. ಹೊಸ ಸೆಲ್ ಹಾಕಿಸುವಾಗ ಹಿಂದಿನ ಮುಚ್ಚಳದ ರಬ್ಬರ್ ರಿಂಗು ನೋಡಿ ಅಂತ ಒಂದು ಮಾತು ಹೇಳಿ. ರಿಂಗು ಸರಿಯಾಗಿ ಕೂರದೆ ಮುಚ್ಚಳ ಒತ್ತಿದರೆ ಹಿಂದೆ ಎಷ್ಟು ಮೀಟರ್ ಅಂತ ಬರೆದಿದ್ದರೂ ಪ್ರಯೋಜನವಿಲ್ಲ.

ಈಗ ಮೂರನೆಯದು. ಇದು ಬೇಕಾಗಿಲ್ಲ, ಆದರೂ ಬೇಕು ಅನ್ನಿಸುತ್ತದಲ್ಲ, ಆ ವಾಚು. ಕೀ ಕೊಡುವುದು, ಅಥವಾ ಕೈ ಆಡಿಸಿದರೆ ತಾನೇ ಕೀ ತುಂಬಿಕೊಳ್ಳುವ ಆಟೊಮ್ಯಾಟಿಕ್. ಮೊದಲೇ ಹೇಳಿಬಿಡುತ್ತೇನೆ, ಸಮಯದ ವಿಷಯದಲ್ಲಿ ಇದು ನಿಮ್ಮ ಒರಟು ಕ್ಯಾಸಿಯೊ ಮುಂದೆ ನಿಲ್ಲುವುದಿಲ್ಲ. ಸೀಕೊ 5 ಅನ್ನುವ ಆಟೊಮ್ಯಾಟಿಕ್ ವಾಚಿನ ಒಳಗಿರುವ ಮಷೀನಿಗೆ ಕಂಪನಿ ಹೇಳುವ ಲೆಕ್ಕವೇ ದಿನಕ್ಕೆ 45 ಸೆಕೆಂಡ್ ಮುಂದೆ, 35 ಸೆಕೆಂಡ್ ಹಿಂದೆ ಹೋಗಬಹುದು ಅಂತ. ನಿಜದಲ್ಲಿ ಬಹಳಷ್ಟು ವಾಚುಗಳು ಇದಕ್ಕಿಂತ ಚೆನ್ನಾಗಿಯೇ ನಡೆಯುತ್ತವೆ. ಆದರೂ ರೈಲು ಹಿಡಿಯುವವರು ಇದನ್ನೊಂದೇ ನಂಬಿಕೊಳ್ಳಬೇಡಿ.

ತುಮಕೂರಿನವನಾಗಿ ಈ ಜಾಗದಲ್ಲಿ ನಾನು ಎಚ್‌ಎಂಟಿ ಬಿಟ್ಟು ಬೇರೆ ಹೆಸರು ಮೊದಲು ಹೇಳಿದರೆ ನಮ್ಮೂರಿನಲ್ಲಿ ಓಡಾಡುವುದು ಕಷ್ಟ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚ್ ಕಾರ್ಖಾನೆ ಶುರುವಾಯಿತು. ಎಪ್ಪತ್ತರ ದಶಕದ ಕೊನೆಗೆ ತುಮಕೂರಿಗೂ ಬಂತು. ಇಲ್ಲಿ ಆ ಕಾರ್ಖಾನೆಯ ಸಂಬಳದಿಂದ ಎದ್ದ ಮನೆಗಳು ಎಷ್ಟೋ. ಮದುವೆಯಲ್ಲಿ ಅಳಿಯನಿಗೆ ವಾಚ್ ಅಂದರೆ ಎಚ್‌ಎಂಟಿಯೇ, ಅದಕ್ಕೂ ಕಾಯಬೇಕಿದ್ದ ಕಾಲ ಇತ್ತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು. ನಮ್ಮೂರಿನ ಕಾರ್ಖಾನೆಯ ಜಾಗ ಈಗ ಇಸ್ರೋ ಕೈಯಲ್ಲಿದೆ. ಬೆಂಗಳೂರಿಗೆ ಹೋದಾಗ ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರ್ ನೋಡಿ ಬನ್ನಿ. ಹಳೇ ಮಾದರಿಗಳನ್ನೆಲ್ಲ ಒಂದೇ ಕಡೆ ಇಟ್ಟಿದ್ದಾರೆ, ಯಾವುದು ನಿಮಗೆ ಇಷ್ಟ ಅನ್ನುವುದು ದುಡ್ಡು ಕೊಡುವ ಮೊದಲೇ ಗೊತ್ತಾಗುತ್ತದೆ.

ಶುರುವಿಗೆ ಹೆಸರುಗಳು ಬೇಕಾದರೆ: ಜನತಾ, ಬಿಳಿ ಮುಖದ ಸಾದಾ ಸೀದಾ ವಾಚ್, ನಿಮ್ಮ ತಾತನೋ ಮೇಷ್ಟ್ರೋ ಕಟ್ಟಿದ್ದು ಇದೇ ಇರಬಹುದು. ಪೈಲಟ್, ಕಪ್ಪು ಮುಖ, ದೊಡ್ಡ ಅಂಕಿ, ಈಗಿನ ಹುಡುಗರು ಮುಗಿಬೀಳುವುದು ಇದಕ್ಕೆ. ಸೋನಾ, ತೆಳ್ಳಗೆ, ಮದುವೆಗೆ. ಕಾಂಚನ್ ಆಟೊಮ್ಯಾಟಿಕ್, ವಾರ ತಾರೀಕು ಎರಡೂ ಉಂಟು. ಜನತಾ, ಪೈಲಟ್ ಎರಡರೊಳಗೂ ಇರುವುದು 0231 ಅನ್ನುವ 17 ಜ್ಯುವೆಲ್ (ಚಕ್ರ ತಿರುಗುವ ಕಡೆ ಸವೆಯದಂತೆ ಕೂರಿಸುವ ಪುಟ್ಟ ಕಲ್ಲು) ಮಷೀನು, ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಹೆಬ್ಬೆರಳು ತೋರುಬೆರಳಿನ ನಡುವೆ ಕೀ ಹಿಡಿದು ತಿರುಗಿಸಿದರೆ ಮೊದಲು ಸಡಿಲ, ಆಮೇಲೆ ಕಿರ್ ಕಿರ್ ಅಂತ ಬಿಗಿಯಾಗುತ್ತಾ ಬಂದು ಒಂದು ಕಡೆ ಸಾಕು ಅನ್ನುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಜೋರು ಮಾಡಿದರೆ ರಿಪೇರಿ ಅಂಗಡಿಗೆ ದಾರಿ.

ಆದರೆ ಆನ್‌ಲೈನಿನಲ್ಲಿ ಹಳೇ ಎಚ್‌ಎಂಟಿ ತಗೊಳ್ಳುವುದು ಈಗ ಜೂಜು. ಗೆಳೆಯರೊಬ್ಬರು ಒಂದು ಪೈಲಟ್ ತರಿಸಿದ್ದರು, ಹೊಳೆಯುವ ಹಸಿರು ಮುಖದ್ದು, "ಅಪರೂಪದ್ದು" ಅಂತ ಬರೆದಿದ್ದರಂತೆ. ನಮ್ಮ ಪೇಟೆಯ ರಿಪೇರಿಯವರ ಹತ್ತಿರ ತೆಗೆದುಕೊಂಡು ಹೋದೆವು. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಕ್ಷಣ ನೋಡಿ ನಕ್ಕರು. ನನಗೂ ನೋಡಲು ಕೊಟ್ಟರು. ಅಂಕಿಗಳ ಅಂಚು ಬ್ಲಾಟಿಂಗ್ ಪೇಪರ್ ಮೇಲಿನ ಶಾಯಿಯಂತೆ ಹರಡಿಕೊಂಡಿತ್ತು. ನಿಮಿಷದ ಗೆರೆಗಳು 12ರ ಹತ್ತಿರ ಸರಿಯಾಗಿ ಕೂತಿದ್ದರೆ 6ರ ಹತ್ತಿರ ಒಂದು ಕೂದಲಿನಷ್ಟು ಪಕ್ಕಕ್ಕೆ ಸರಿದಿದ್ದವು. ಮುಖದ ನಡುವಿನ ತೂತಿನ ಸುತ್ತ ಬಣ್ಣ ದಪ್ಪಗೆ ಉಬ್ಬಿತ್ತು. ಮುಳ್ಳುಗಳು ಬೇರೆ ಯಾವುದೋ ಮಾದರಿಯವು. ಹಿಂದಿನ ಮುಚ್ಚಳ ತೆಗೆದರೆ ಮಷೀನು ಮಾತ್ರ ಪಾಪ ಅಸಲಿ, ಎಣ್ಣೆ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಅಂದರೆ ಹಳೇ ಮಷೀನಿಗೆ ಹೊಸ ಬಣ್ಣ ಬಳಿದ ಮುಖ ಕೂರಿಸಿ, ಕೇಸನ್ನು ಮೂಲೆಗಳೇ ಇಲ್ಲದ ಹಾಗೆ ಉಜ್ಜಿ ಹೊಳಪು ಕೊಟ್ಟು ಮಾರಿದ್ದು. ಸೀಕೊ 5ಕ್ಕೂ ಇದೇ ಕಥೆ ನಡೆಯುತ್ತದೆ.

ಹಾಗಾಗಿ ಹಳೆಯದು ಬೇಕಾದರೆ ಮೊದಲು ಮನೆಯಲ್ಲಿ ಹುಡುಕಿ. ದೊಡ್ಡಪ್ಪನ ಟ್ರಂಕು, ಅಜ್ಜಿಯ ಬೀರು, ಊರಿನ ಮನೆಯ ಗೂಡು. ಗಾಜು ಗೀಚಿದ್ದರೆ ಯೋಚನೆ ಬೇಡ, ಬಹಳಷ್ಟು ಹಳೇ ಎಚ್‌ಎಂಟಿಗಳದ್ದು ಪ್ಲಾಸ್ಟಿಕ್ ಗಾಜು, ಉಜ್ಜಿದರೆ ಹೋಗುತ್ತದೆ, ಇಲ್ಲದಿದ್ದರೆ ಅಗ್ಗಕ್ಕೆ ಹೊಸದು ಸಿಗುತ್ತದೆ. ಮುಖ ಹಳದಿಯಾಗಿದ್ದರೆ ದಯವಿಟ್ಟು ಹಾಗೇ ಬಿಡಿ, "ಹೊಸದರಂತೆ ಮಾಡಿಕೊಡುತ್ತೇನೆ" ಅನ್ನುವವರ ಕೈಗೆ ಕೊಡಬೇಡಿ. ಹೊರಗಡೆ ತಗೊಳ್ಳುವುದಾದರೆ ಫೋಟೋದಲ್ಲಿ ಮುಖ ಹತ್ತಿರದಿಂದ, ಮುಚ್ಚಳ ತೆಗೆದ ಮಷೀನು, ಎರಡೂ ಕೇಳಿ. ಕೊಡಲು ತಡಮಾಡಿದರೆ ಅಲ್ಲಿಗೆ ಬಿಡಿ. ಇಷ್ಟೆಲ್ಲ ರಗಳೆ ಬೇಡ ಅಂದರೆ ಎಚ್‌ಎಂಟಿ ಹೆಸರಿನಲ್ಲಿ ಹೊಸ ವಾಚುಗಳನ್ನು ಕಂಪನಿ ತನ್ನದೇ ಜಾಲತಾಣದಲ್ಲಿ ಮಾರುತ್ತದೆ, ಅಲ್ಲಿ ಬಣ್ಣದ ಭಯವಿಲ್ಲ.

ಸೀಕೊ 5 ಬಗ್ಗೆ ಎರಡು ಮಾತು. 1963ರಿಂದ ಬಂದ ಹೆಸರು. ಹಳೇ ಮಾದರಿಗಳಲ್ಲಿನ 7ಎಸ್26 ಮಷೀನಿಗೆ ಕೈಯಿಂದ ಕೀ ಕೊಡಲು ಬರುವುದಿಲ್ಲ, ಅಲ್ಲಾಡಿಸಬೇಕು ಅಷ್ಟೇ. 2019ರ ನಂತರದ ಸೀಕೊ 5 ಸ್ಪೋರ್ಟ್ಸ್‌ನಲ್ಲಿ 4ಆರ್36 ಇದೆ, ಕೀಯೂ ಕೊಡಬಹುದು, ಟೈಮ್ ಹೊಂದಿಸುವಾಗ ಸೆಕೆಂಡ್ ಮುಳ್ಳೂ ನಿಲ್ಲುತ್ತದೆ. ಹೊಸದಕ್ಕೆ ಇಪ್ಪತ್ತು ಸಾವಿರ ದಾಟುತ್ತದೆ, ಆ ದುಡ್ಡಿಗೆ ಮೊದಲ ವರ್ಷವೇ ಅವಸರ ಮಾಡಬೇಡಿ. ಕೀ ವಾಚ್ ನಿಮಗೆ ಒಗ್ಗುತ್ತದಾ ಇಲ್ಲವಾ ಅಂತ ಎರಡು ಮೂರು ಸಾವಿರದ ಎಚ್‌ಎಂಟಿಯಲ್ಲೇ ತಿಳಿಯುತ್ತದೆ. ಕೆಲವರಿಗೆ ಒಂದು ವಾರದಲ್ಲಿ ಸಾಕಾಗುತ್ತದೆ, ದಿನಾ ಕೀ ಕೊಡಲು ಯಾರಿಗೆ ಪುರುಸೊತ್ತು ಅಂತ. ಅವರು ಎರಡು ವಾಚಿಗೇ ನಿಂತರೂ ನಷ್ಟವೇನಿಲ್ಲ.

ಕೀ ವಾಚ್ ಸಾಕುವುದು ಹೇಗೆ ಅಂತ ಯಾರೂ ಕೇಳುವುದಿಲ್ಲ, ಕೆಟ್ಟ ಮೇಲೆ ಕೇಳುತ್ತಾರೆ. ತಾರೀಕು ಇರುವ ಕೀ ವಾಚಿನಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ತಾರೀಕು ಬದಲಿಸಬೇಡಿ. ಆ ಹೊತ್ತಿನಲ್ಲಿ ಒಳಗಿನ ಹಲ್ಲುಚಕ್ರ ತಾರೀಕಿನ ಬಿಲ್ಲೆಯನ್ನು ತಳ್ಳಲು ಸಿದ್ಧವಾಗಿ ಕಚ್ಚಿಕೊಂಡಿರುತ್ತದೆ, ನೀವು ಹೊರಗಿನಿಂದ ತಿರುಗಿಸಿದರೆ ಹಲ್ಲು ಮುರಿಯಬಹುದು. ಮುಳ್ಳನ್ನು ಆರೂವರೆಗೆ ತಂದು ಆಮೇಲೆ ತಾರೀಕು ಮುಟ್ಟಿ. ಇನ್ನು, ಚೆನ್ನಾಗಿದ್ದ ವಾಚ್ ಇದ್ದಕ್ಕಿದ್ದಂತೆ ದಿನಕ್ಕೆ ಹತ್ತಾರು ನಿಮಿಷ ಮುಂದೆ ಓಡತೊಡಗಿದರೆ ಗಾಬರಿ ಬೇಡ. ಸ್ಪೀಕರಿನ ಮೇಲೋ, ಮೊಬೈಲ್ ಕವರಿನ ಅಯಸ್ಕಾಂತದ ಪಕ್ಕವೋ ಇಟ್ಟಿರುತ್ತೀರಿ. ಒಳಗಿನ ಕೂದಲಿನಂಥ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ಹೀಗಾಗುತ್ತದೆ. ರಿಪೇರಿಯವರ ಹತ್ತಿರ ಅಯಸ್ಕಾಂತ ಇಳಿಸುವ ಚಿಕ್ಕ ಯಂತ್ರ ಇರುತ್ತದೆ, ಒಂದು ನಿಮಿಷದ ಕೆಲಸ. ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ ತೊಳೆದು ಎಣ್ಣೆ ಹಾಕಿಸಬೇಕು. ವಾಚ್ ತಗೊಳ್ಳುವ ಮೊದಲೇ ಒಬ್ಬ ಒಳ್ಳೇ ರಿಪೇರಿಯವರನ್ನು ಗೊತ್ತು ಮಾಡಿಕೊಳ್ಳಿ ಅನ್ನುವುದು ಇದಕ್ಕೇ. ಪ್ರತಿ ಊರಿನಲ್ಲೂ ಹಳೇ ಪೇಟೆ ಬೀದಿಯಲ್ಲಿ ಗಾಜಿನ ಪೆಟ್ಟಿಗೆಯ ಹಿಂದೆ ತಲೆ ತಗ್ಗಿಸಿ ಕೂತವರೊಬ್ಬರು ಇನ್ನೂ ಇದ್ದಾರೆ.

ಮೂರು ವಾಚು ಆಯಿತು. ಆದರೆ ಸಂಗ್ರಹ ನಿಜವಾಗಿ ದೊಡ್ಡದಾಗುವುದು ಬೆಲ್ಟಿನಿಂದ. ಇದನ್ನು ಯಾಕೋ ಅಂಗಡಿಯವರು ಹೇಳುವುದೇ ಇಲ್ಲ! ಒರಟು ವಾಚಿಗೆ ಅದರದೇ ರಬ್ಬರ್ ಬೆಲ್ಟ್ ಇರಲಿ. ಉಳಿದ ಎರಡಕ್ಕೂ ಬೆಲ್ಟ್ ಸಿಕ್ಕಿಸುವ ಅಗಲ ಒಂದೇ ಇರುವಂತೆ ನೋಡಿಕೊಳ್ಳಿ. ಜನತಾ, ಪೈಲಟ್ ಎರಡೂ 18 ಮಿಲಿಮೀಟರ್. ಮರ್ಯಾದೆಯ ವಾಚೂ 18 ಆದರೆ ಒಂದು ಕಂದು ಚರ್ಮ, ಒಂದು ಕಪ್ಪು ಚರ್ಮ, ಒಂದು ಬಟ್ಟೆಯದು, ಒಂದು ಸ್ಟೀಲ್ ಚೈನ್, ಈ ನಾಲ್ಕೇ ನಾಲ್ಕರಲ್ಲಿ ಎರಡು ವಾಚು ಎಂಟು ಥರ ಕಾಣುತ್ತವೆ. ಕೈ ದೊಡ್ಡದಿದ್ದವರು 20ಕ್ಕೆ ಹೋಗಿ. 19 ಅನ್ನುವ ಅಳತೆಯ ವಾಚ್ ಎಷ್ಟೇ ಚೆಂದ ಇದ್ದರೂ ಎರಡು ಸಲ ಯೋಚಿಸಿ, ಬೆಲ್ಟ್ ಹುಡುಕಿ ಸಾಕಾಗುತ್ತದೆ.

ಬೆಲ್ಟ್ ಬದಲಿಸಲು ಅಂಗಡಿಗೇ ಹೋಗಬೇಕಿಲ್ಲ. ತುದಿಯಲ್ಲಿ ಚಿಕ್ಕ ಕವೆ ಇರುವ ಒಂದು ಕಡ್ಡಿ ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಮೇಜಿನ ಮೇಲೆ ಟವೆಲ್ ಹಾಸಿ ವಾಚನ್ನು ಬೋರಲು ಮಲಗಿಸಿ. ಕೇಸಿಗೂ ಬೆಲ್ಟಿಗೂ ನಡುವಿನ ಸಂದಿಯಲ್ಲಿ ಕವೆ ತೂರಿಸಿ, ಸ್ಪ್ರಿಂಗ್ ಪಿನ್ನಿನ ಭುಜಕ್ಕೆ ಸಿಕ್ಕಿಸಿ, ಒಳಗೆ ಎಳೆದರೆ ಟಕ್ ಅಂತ ಬಿಡುತ್ತದೆ. ಬಿಡುವಾಗ ಇನ್ನೊಂದು ಹೆಬ್ಬೆರಳು ಅದರ ಮೇಲೆ ಇರಲಿ, ಇಲ್ಲದಿದ್ದರೆ ಪಿನ್ನು ಚಿಮ್ಮಿ ಸೋಫಾ ಕೆಳಗೆ ಸೇರುತ್ತದೆ, ಟವೆಲ್ ಹಾಸಿದ್ದೂ ಅದಕ್ಕೇ. ಹೊಸದು ಹಾಕಿದ ಮೇಲೆ ಬೆಲ್ಟನ್ನು ಎರಡೂ ಕಡೆ ಜಗ್ಗಿ ನೋಡಿ. ಪಿನ್ನು ತೂತಿನಲ್ಲಿ ಪೂರ್ತಿ ಕೂರದಿದ್ದರೆ ಬಸ್ಸಿನ ಕಂಬಿ ಹಿಡಿದಾಗ ವಾಚ್ ಕೆಳಗೆ.

ಚರ್ಮದ ಬೆಲ್ಟ್ ನಮ್ಮ ಏಪ್ರಿಲ್ ಮೇ ತಿಂಗಳಿಗೆ ಆಗುವುದಿಲ್ಲ. ಬೆವರು ಹೀರಿ ವಾಸನೆ ಹಿಡಿಯುತ್ತದೆ, ಮಂಗಳೂರು ಕಡೆಯಾದರೆ ಮಳೆಗಾಲದಲ್ಲಿ ಬೂಸ್ಟು ಬರುತ್ತದೆ. ಸೆಕೆಗೆ ನೈಲಾನ್ ಬೆಲ್ಟ್ ಒಳ್ಳೇದು, ನೇಟೋ ಬೆಲ್ಟ್ ಅಂತ ಮಾರುತ್ತಾರೆ. ಅದು 1973ರಲ್ಲಿ ಬ್ರಿಟನ್ನಿನ ರಕ್ಷಣಾ ಇಲಾಖೆ ಸೈನಿಕರಿಗೆ ಅಂತ ಗೊತ್ತು ಮಾಡಿದ ಬೆಲ್ಟಿನ ರೂಪ. ವಾಚಿನ ಕೆಳಗೆ ಒಂದೇ ಉದ್ದ ಪಟ್ಟಿ ಹಾದುಹೋಗುವುದರಿಂದ ಒಂದು ಪಿನ್ನು ಬಿಟ್ಟುಕೊಂಡರೂ ವಾಚ್ ಬೀಳುವುದಿಲ್ಲ. ಬಟ್ಟೆ ಜೊತೆ ಒಗೆಯಬಹುದು, ಸಾಯಂಕಾಲಕ್ಕೆ ಒಣಗಿರುತ್ತದೆ. ಪಂಚೆ ಶಲ್ಯದ ಜೊತೆ ಮಾತ್ರ ಬೇಡ ಅನ್ನುತ್ತೇನೆ.

ಏನು ತಗೊಳ್ಳಬಾರದು ಅನ್ನುವುದೂ ಕೇಳಿ. "ಫಸ್ಟ್ ಕಾಪಿ" ಬೇಡವೇ ಬೇಡ. ರೋಲೆಕ್ಸ್ ಹೆಸರಿನ ಎರಡು ಸಾವಿರದ ವಾಚ್ ನೋಡಿ ಯಾರೂ ಮೋಸ ಹೋಗುವುದಿಲ್ಲ, ಕಟ್ಟಿಕೊಂಡವರನ್ನು ಬಿಟ್ಟು. ಎಂಆರ್‌ಪಿ ಹದಿನೈದು ಸಾವಿರ, ಇವತ್ತು ಮಾತ್ರ ಮೂರು ಸಾವಿರ ಅನ್ನುವ ಫ್ಯಾಷನ್ ವಾಚುಗಳೂ ಬೇಡ, ಅವುಗಳ ನಿಜವಾದ ಬೆಲೆಯೇ ಮೂರು ಸಾವಿರ, ಕೆಲವಕ್ಕೆ ಅದೂ ಇಲ್ಲ. ಈಗಾಗಲೇ ಇರುವ ವಾಚಿನ ಇನ್ನೊಂದು ಬಣ್ಣ ಬೇಡ. ಸ್ಮಾರ್ಟ್‌ವಾಚ್ ಬೇಕಾದವರು ಧಾರಾಳವಾಗಿ ತಗೊಳ್ಳಿ, ಹೆಜ್ಜೆ ಎಣಿಸಲು, ಕರೆ ನೋಡಲು ಅದು ಚೆನ್ನ, ನಾನು ಇಲ್ಲಿ ಮಾತಾಡುತ್ತಿರುವುದು ಅದರ ಬಗ್ಗೆ ಅಲ್ಲ.

ಇಷ್ಟಾದ ಮೇಲೂ ನಾಲ್ಕನೆಯದು ಬೇಕು ಅನ್ನಿಸುವ ಕಾಲ ಬರುತ್ತದೆ. ನಮ್ಮ ಬೆಂಗಳೂರಿನದೇ ಬ್ಯಾಂಗಲೋರ್ ವಾಚ್ ಕಂಪನಿ ಮಿಗ್-21 ವಿಮಾನ, ಕ್ರಿಕೆಟ್, ಬಾಹ್ಯಾಕಾಶ ಅಂತ ಒಂದೊಂದು ವಿಷಯ ಹಿಡಿದು ವಾಚ್ ಮಾಡುತ್ತದೆ, ಬೆಲೆ ನಮ್ಮಂಥವರು ಒಂದೆರಡು ವರ್ಷ ಯೋಚಿಸುವಷ್ಟು. ನೋಡುವುದಕ್ಕೆ ದುಡ್ಡಿಲ್ಲವಲ್ಲ, ನೋಡಿ. ನಾನು ಹುಡುಗನಿಗೆ ಹೇಳಿದ್ದು ಇಷ್ಟು: ಈ ತಿಂಗಳು ಕ್ಯಾಸಿಯೊ ತಗೋ, ದೀಪಾವಳಿ ಬೋನಸ್ಸಿನಲ್ಲಿ ಟೈಟಾನೋ ಇಕೋ-ಡ್ರೈವೋ ನೋಡು, ಕೀ ವಾಚಿಗೆ ಮಾತ್ರ ಅಂಗಡಿಗೆ ಹೋಗಬೇಡ, ನಿಮ್ಮಜ್ಜನ ಜನತಾ ನಮ್ಮಮ್ಮನ ಬೀರುವಿನಲ್ಲಿ ಇರಬೇಕು, ಮೊದಲು ಅವಳನ್ನು ಕೇಳು. "ಅಜ್ಜಿ ಕೊಡ್ತಾರಾ ಮಾವ?" ಅಂದ. ಅದು ನೀನು ಕೇಳುವ ರೀತಿಯ ಮೇಲೆ ಇದೆ ಅಂದೆ.